ವಿಭಜಕ ನಾಯಕನಿಗೆ ಇದಿರು ನಿಲ್ಲುವ ಬಗೆ

ಸಮಾಜವನ್ನು ಒಡೆಯುತ್ತಿದ್ದಾನೆಂದು ತಾನು ನಂಬಿರುವ ಪ್ರಬಲ ನಾಯಕನೊಬ್ಬನನ್ನು ಪ್ರತಿಪಕ್ಷವು ಹೇಗೆ ಎದುರಿಸಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಉತ್ತರ ಈಚಿನ ವರ್ಷಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಆತ ದನಿಯೇರಿಸಿದರೆ ಇವರೂ ದನಿಯೇರಿಸಬೇಕು, ಆತ ಹೀಯಾಳಿಸಿದರೆ ಇವರು ಅದರ ಎರಡರಷ್ಟು ಹೀಯಾಳಿಸಬೇಕು, ಆತನ ಒಂದೊಂದು ಮಾತಿಗೂ ಅದೇ ದಿನ ಸಂಜೆಯೊಳಗೆ ಮಾರುತ್ತರ ಕೊಡಬೇಕು ಎಂಬುದು ಈ ನಿಲುವಿನ ಸಾರ. ಎಲ್ಲ ಪಕ್ಷಗಳ ಕಾರ್ಯಕರ್ತರೂ ಇದನ್ನು ಧೈರ್ಯದ ಲಕ್ಷಣವೆಂದು ಭಾವಿಸಿದ್ದಾರೆ. ಆದರೆ ಕರ್ನಾಟಕದ ಚುನಾವಣಾ ಚರಿತ್ರೆಯನ್ನು, ಅದರಲ್ಲೂ ಚಾಮರಾಜನಗರ ಮತ್ತು ಗುಂಡ್ಲುಪೇಟೆಯಂತಹ ಗಡಿಸೀಮೆಯ ಅನುಭವವನ್ನು ಗಮನಿಸಿದರೆ, ಇದು ಪೊಳ್ಳು ಅಭಿಪ್ರಾಯವೆಂದು ತಿಳಿಯುತ್ತದೆ. ವಿಭಜಕ ನಾಯಕನನ್ನು ಎದುರಿಸಬೇಕಾದ ಪಕ್ಷವು ಆತನ ವ್ಯಕ್ತಿತ್ವವನ್ನು ಬದಿಗಿಟ್ಟು ಆತನ ಆಡಳಿತದ ಕಡತವನ್ನು ಕೈಗೆತ್ತಿಕೊಳ್ಳಬೇಕು, ಆ ಕಡತದಲ್ಲಿ ಯಾರ ನೋವು ದಾಖಲಾಗಿದೆಯೋ ಅವರ ಮನೆಬಾಗಿಲಿಗೆ ಹೋಗಬೇಕು ಎಂಬುದು ಈ ಪ್ರಬಂಧದ ವಾದ.

ವಿಭಜಕ ನಾಯಕ ಎಂಬ ಮಾತನ್ನು ಇಲ್ಲಿ ಬೈಗುಳವಾಗಿ ಬಳಸಿಲ್ಲ. ಜನರು ತನ್ನ ಪರ ಮತ್ತು ತನ್ನ ವಿರೋಧ ಎಂದು ಎರಡು ಪಾಳೆಯಗಳಾಗಿ ಸೀಳಿಹೋಗುವುದೇ ಯಾವ ನಾಯಕನ ಶಕ್ತಿಯ ಮೂಲವಾಗಿರುತ್ತದೆಯೋ ಅಂಥವನು ವಿಭಜಕ ನಾಯಕ. ಈ ಸೀಳುವಿಕೆಯನ್ನೇ ರಾಜ್ಯಶಾಸ್ತ್ರದ ಪರಿಭಾಷೆಯಲ್ಲಿ ಧ್ರುವೀಕರಣ ಎನ್ನುತ್ತಾರೆ. ಇಂತಹ ನಾಯಕನ ಬೆಂಬಲಿಗರ ಕಣ್ಣಿಗೆ ಆತ ಒಗ್ಗೂಡಿಸುವವನೇ ಆಗಿರುತ್ತಾನೆ, ಮತ್ತು ಆತನ ಮೇಲೆ ಬಿದ್ದ ಪ್ರತಿಯೊಂದು ಏಟೂ ತಮ್ಮ ಮೇಲೆಯೇ ಬಿದ್ದಂತೆ ಅವರಿಗೆ ತೋರುತ್ತದೆ. ಈ ಲಕ್ಷಣ ಒಂದೇ ಪಕ್ಷಕ್ಕೆ ಸೇರಿದ್ದಲ್ಲ. ಇಂದು ನರೇಂದ್ರ ಮೋದಿಯವರ ಬಗ್ಗೆ ಕಾಂಗ್ರೆಸ್ಸಿನವರು ಹೇಳುವುದನ್ನು ಎಪ್ಪತ್ತರ ದಶಕದಲ್ಲಿ ಇಂದಿರಾ ಗಾಂಧಿಯವರ ಬಗ್ಗೆ ಅವರ ವಿರೋಧಿಗಳು ಹೇಳುತ್ತಿದ್ದರು. ಕಾಂಗ್ರೆಸ್ಸಿನ ಸಿದ್ದರಾಮಯ್ಯನವರು ಜಾತಿ ಮತ್ತು ಧರ್ಮದ ಹೆಸರಿನಲ್ಲಿ ಒಡೆಯುತ್ತಾರೆಂದು ಬಿಜೆಪಿಯವರು ಇಂದು ಹೇಳುತ್ತಾರೆ. ಆದ್ದರಿಂದ ಈ ಪ್ರಶ್ನೆ ಎಲ್ಲ ಪಕ್ಷಗಳಿಗೂ ಸಲ್ಲುತ್ತದೆ.

ಇಂದಿರಾ ಗಾಂಧಿಯವರ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಈ ಪ್ರಶ್ನೆಯ ಎಲ್ಲ ಮುಖಗಳೂ ಅದರಲ್ಲಿವೆ ಮತ್ತು ಅದರ ಮುಖ್ಯ ಅಂಕ ನಡೆದದ್ದು ಕನ್ನಡನಾಡಿನಲ್ಲಿಯೇ. 1971ರಲ್ಲಿ ವಿರೋಧ ಪಕ್ಷಗಳ ಮಹಾಮೈತ್ರಿಕೂಟವು ಇಂದಿರಾ ಅವರನ್ನು ತೊಲಗಿಸುವುದೊಂದನ್ನೇ ತನ್ನ ಘೋಷಣೆ ಮಾಡಿಕೊಂಡಾಗ, ಅವರು ಬಡತನವನ್ನು ತೊಲಗಿಸುವ ಮಾತಾಡಿ 352 ಸ್ಥಾನಗಳನ್ನು ಗೆದ್ದರು. ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಅವರ ಪಕ್ಷವೇ ಪಡೆಯಿತು. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತ ಅವರನ್ನು ಸಾರಾಸಗಟಾಗಿ ತಿರಸ್ಕರಿಸಿದರೂ, ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆಯ ಫಲ ಕಂಡಿದ್ದ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಆಗ ಅಧಿಕಾರಕ್ಕೆ ಬಂದ ಜನತಾ ಸರ್ಕಾರದ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗದ ದಾರಿ: ತುರ್ತುಪರಿಸ್ಥಿತಿಯಲ್ಲಿ ಯಾರು ಬಂಧಿತರಾದರು, ಯಾವ ಆದೇಶಕ್ಕೆ ಯಾರ ಸಹಿ ಬಿತ್ತು, ಯಾರ ಮನೆ ನೆಲಸಮವಾಯಿತು, ಯಾರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು ಎಂಬುದನ್ನು ಸಾಕ್ಷ್ಯಸಮೇತ ಜನರ ಮುಂದಿಡುವುದು. ಎರಡನೆಯದು ಇಂದಿರಾ ಅವರನ್ನು ವ್ಯಕ್ತಿಯಾಗಿ ಶಿಕ್ಷಿಸುವ ದಾರಿ. ಜನತಾ ಸರ್ಕಾರಕ್ಕೆ ಮೊದಲನೆಯ ದಾರಿಯಲ್ಲಿ ನಡೆಯುವಷ್ಟು ತಾಳ್ಮೆಯಿರಲಿಲ್ಲ. 1977ರ ಅಕ್ಟೋಬರ್ 3ರಂದು ಅವರನ್ನು ಬಂಧಿಸಲಾಯಿತು. ಬಂಧನಕ್ಕೆ ತಕ್ಕ ಆಧಾರವಿಲ್ಲವೆಂದು ನ್ಯಾಯಾಲಯ ಮರುದಿನವೇ ಬಿಡುಗಡೆ ಮಾಡಿತು. 1978ರ ನವೆಂಬರಿನಲ್ಲಿ ಅವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ, ನಾಡಿನಲ್ಲಿ ಒಳ್ಳೆಯ ಹೆಸರಿದ್ದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಎದುರಾಳಿಯಾಗಿದ್ದರೂ, ಇಡೀ ಚುನಾವಣೆ ಇಂದಿರಾ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗಿ, ಅವರು 77 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಅದೇ ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳುಹಿಸಿತು. 1980ರ ಜನವರಿಯಲ್ಲಿ ಅವರು ಮರಳಿ ಪ್ರಧಾನಿಯಾದರು. ಜನತಾ ಪಕ್ಷದ ಒಳಜಗಳ ಮತ್ತು ಬೆಲೆಯೇರಿಕೆಗಳೂ ಇದಕ್ಕೆ ಕಾರಣವಾಗಿದ್ದವು. ಆದರೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗಿದ್ದ ನಾಯಕಿಯನ್ನು ಕಿರುಕುಳಕ್ಕೊಳಗಾದ ಹೆಣ್ಣುಮಗಳ ಸ್ಥಾನದಲ್ಲಿ ನಿಲ್ಲಿಸಿದ ಕೆಲಸ ಅವರ ವಿರೋಧಿಗಳದೇ. ತುರ್ತುಪರಿಸ್ಥಿತಿಯಲ್ಲಿ ನಿಜವಾಗಿ ನೊಂದ ಸಾವಿರಾರು ಜನರ ಕಥೆ ಆ ಗದ್ದಲದಲ್ಲಿ ಮುಚ್ಚಿಹೋದದ್ದು ಇದಕ್ಕಿಂತ ದೊಡ್ಡ ಅನ್ಯಾಯ.

ಕರ್ನಾಟಕದ ಮತದಾರ ವ್ಯಕ್ತಿಯ ಪ್ರಶ್ನೆಯನ್ನೂ ಆಡಳಿತದ ಪ್ರಶ್ನೆಯನ್ನೂ ಬೇರೆಬೇರೆಯಾಗಿ ತೂಗಬಲ್ಲನೆಂಬುದಕ್ಕೆ ನಂತರದ ವರ್ಷಗಳೇ ಪುರಾವೆ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗರನ್ನು ಆರಿಸಿ ಕಳುಹಿಸಿದ ಜನರೇ, ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನಾದೇಶ ಕೇಳಿದಾಗ, 1985ರ ಮಾರ್ಚಿನಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟರು.

ಚಾಮರಾಜನಗರ ಜಿಲ್ಲೆಯ ಈಚಿನ ಅನುಭವವೂ ಇದನ್ನೇ ಹೇಳುತ್ತದೆ. 2017ರ ಜನವರಿಯಲ್ಲಿ ಸಚಿವ ಎಚ್.ಎಸ್. ಮಹದೇವಪ್ರಸಾದ್ ಅವರು ತೀರಿಕೊಂಡ ಮೇಲೆ ಗುಂಡ್ಲುಪೇಟೆಯಲ್ಲಿ ಏಪ್ರಿಲ್ 9ರಂದು ಉಪಚುನಾವಣೆ ನಡೆದು, ಅವರ ಪತ್ನಿ ಗೀತಾ ಮಹದೇವಪ್ರಸಾದ್ ಕಾಂಗ್ರೆಸ್ ಅಭ್ಯರ್ಥಿಯಾದರು. ಕಾಂಗ್ರೆಸ್ ಸರ್ಕಾರದ ವೈಫಲ್ಯವನ್ನು ಪ್ರಶ್ನಿಸಬಹುದಾಗಿದ್ದ ಆ ಪ್ರಚಾರದಲ್ಲಿ, ಪತಿ ತೀರಿಕೊಂಡ ಕೆಲವೇ ದಿನಗಳಲ್ಲಿ ರಾಜಕೀಯಕ್ಕಿಳಿದರೆಂದು ಬಿಜೆಪಿಯ ಸಂಸದರೊಬ್ಬರು ಆ ವಿಧವೆಯ ದುಃಖವನ್ನೇ ಪ್ರಶ್ನಿಸುವಂತೆ ಆಡಿದ ಮಾತು ಮುನ್ನೆಲೆಗೆ ಬಂದಿತು. ಗೀತಾ ಅವರು ಹತ್ತು ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಅದೇ ಕ್ಷೇತ್ರದಲ್ಲಿ ಮರುವರ್ಷ ಬಿಜೆಪಿಯ ಸಿ.ಎಸ್. ನಿರಂಜನಕುಮಾರ್ ಗೆದ್ದುದನ್ನು ನೋಡಿದರೆ, ಆ ಪಕ್ಷಕ್ಕೆ ಅಲ್ಲಿ ನೆಲೆಯಿರಲಿಲ್ಲವೆಂದು ಹೇಳಲಾಗದು. 2023ರಲ್ಲಿ ನೆರೆಯ ವರುಣಾದಲ್ಲಿಯೂ ಹೀಗೆಯೇ ಆಯಿತು: ಸಿದ್ದರಾಮಯ್ಯನವರ ಹೆಸರಿಗೆ ಮುಸ್ಲಿಂ ಹೆಸರನ್ನು ಜೋಡಿಸಿ ಅಣಕಿಸಿದ ಬಿಜೆಪಿ ಮುಖಂಡರ ಮಾತುಗಳಿಂದ ಪಕ್ಷಕ್ಕೆ ಏನೂ ದಕ್ಕಲಿಲ್ಲ, ಮತ್ತು ವರುಣಾ ಹಾಗೂ ಚಾಮರಾಜನಗರ ಎರಡೂ ಕಡೆ ಸ್ಪರ್ಧಿಸಿದ್ದ ಬಿಜೆಪಿಯ ವಿ. ಸೋಮಣ್ಣನವರು ಎರಡೂ ಕಡೆ ಸೋತರು.

ಕಾಂಗ್ರೆಸ್ಸಿನ ಕಡೆಯ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. 2018ರ ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಸಭೆಯಲ್ಲಿ ಮೋದಿಯವರು, ರಾಜ್ಯ ಸರ್ಕಾರದ ಸಾಧನೆಗಳ ಬಗ್ಗೆ ಕಾಗದ ನೋಡದೆ ಹದಿನೈದು ನಿಮಿಷ ಮಾತನಾಡುವಂತೆ ರಾಹುಲ್ ಗಾಂಧಿಯವರಿಗೆ ಸವಾಲು ಹಾಕಿದಾಗ, ಬಿಜೆಪಿಯ ಯಡಿಯೂರಪ್ಪನವರ ಹಿಂದಿನ ಸರ್ಕಾರದ ಸಾಧನೆಗಳ ಬಗ್ಗೆ ಕಾಗದ ನೋಡಿಕೊಂಡೇ ಹದಿನೈದು ನಿಮಿಷ ಮಾತನಾಡಿ ಎಂದು ಸಿದ್ದರಾಮಯ್ಯನವರು ತಿರುಗಿ ಕೇಳಿದ್ದು ಸರಿಯಾದ ಉತ್ತರವೇ ಆಗಿತ್ತು, ಏಕೆಂದರೆ ಅದು ಚರ್ಚೆಯನ್ನು ವ್ಯಕ್ತಿಯಿಂದ ಆಡಳಿತದ ಕಡೆಗೆ ತಿರುಗಿಸಿತು. ಆದರೆ 2019ರಲ್ಲಿ ಪಕ್ಷ ಆ ಜಾಣ್ಮೆಯನ್ನು ಕೈಬಿಟ್ಟು ಪ್ರಧಾನಿಯನ್ನು ಕಳ್ಳನೆಂದು ಕರೆಯುವ ಘೋಷಣೆಯನ್ನೇ ತನ್ನ ಪ್ರಚಾರದ ತಿರುಳಾಗಿಸಿಕೊಂಡಿತು. ಆ ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಮೋದಿ ಎಂಬ ಉಪನಾಮದ ಬಗ್ಗೆ ರಾಹುಲ್ ಗಾಂಧಿಯವರು ಆಡಿದ ಮಾತು ನಾಲ್ಕು ವರ್ಷಗಳ ನಂತರ ಸೂರತ್ತಿನ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಪರಿಣಮಿಸಿ, ಅವರ ಸಂಸತ್ ಸದಸ್ಯತ್ವವನ್ನು ಕೆಲವು ತಿಂಗಳ ಕಾಲ ಕಸಿದುಕೊಂಡಿತು. ಶಿಕ್ಷೆಯ ಪ್ರಮಾಣ ವಿಪರೀತವಾಗಿತ್ತೆಂಬುದು ಬೇರೆ ಮಾತು. ಆ ಚುನಾವಣೆಯಲ್ಲಿ ಹಳ್ಳಿಹಳ್ಳಿಗೂ ಪರಿಚಿತರಾಗಿದ್ದ, ಎರಡು ಬಾರಿ ಚಾಮರಾಜನಗರದ ಸಂಸದರಾಗಿದ್ದ ಆರ್. ಧ್ರುವನಾರಾಯಣ ಅವರು ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಅವರ ಎದುರು 1,817 ಮತಗಳಿಂದ ಸೋತರು. ಇಷ್ಟು ಸಣ್ಣ ಅಂತರದ ಸೋಲಿಗೆ ಒಂದೇ ಕಾರಣ ಹೇಳಲಾಗದು. ಆದರೆ ಚುನಾವಣೆಯನ್ನು ಪ್ರಧಾನಿಯ ವ್ಯಕ್ತಿತ್ವದ ಮೇಲಿನ ಜನಮತಗಣನೆಯಾಗಿಸಿದ ಪಕ್ಷವು ತನ್ನದೇ ಸಂಸದನ ಹತ್ತು ವರ್ಷಗಳ ಕೆಲಸವನ್ನು ಬದಿಗೆ ಸರಿಸಿತೆಂಬುದರಲ್ಲಿ ಅನುಮಾನವಿಲ್ಲ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಗಟ್ಟಿಯಾದ ವಾದವೊಂದಿದೆ, ಅದನ್ನು ಗೌರವದಿಂದ ಕೇಳಬೇಕು. ನಾಯಕನೊಬ್ಬ ಒಂದು ಸಮುದಾಯದತ್ತ ಬೆರಳು ತೋರಿಸಿ ಮಾತನಾಡಿದಾಗ, ಆ ಸಮುದಾಯದ ಬಡ ವ್ಯಾಪಾರಿಗೆ ಸಂತೆಯಲ್ಲಿ ಅಂಗಡಿ ಹಾಕಲು ಬಿಡದಂತಹ ವಾತಾವರಣ ಹುಟ್ಟಿದಾಗ, ಪ್ರತಿಪಕ್ಷವು ರಸ್ತೆ, ನೀರು, ಬೆಲೆಗಳ ಬಗ್ಗೆಯಷ್ಟೇ ಮಾತನಾಡುತ್ತಾ ಹೋದರೆ ಅದು ಜಾಣತನದ ವೇಷದ ಹೇಡಿತನವಲ್ಲವೇ ಎಂದು ಈ ವಾದ ಕೇಳುತ್ತದೆ. ಈ ಪ್ರಶ್ನೆ ನ್ಯಾಯವಾದದ್ದು. ಮತ ಕಳೆದುಕೊಳ್ಳುವ ಭಯದಿಂದ ನೊಂದವರ ಹೆಸರೆತ್ತದ ಪಕ್ಷ ತಾನು ಎದುರಿಸುತ್ತಿರುವುದಾಗಿ ಹೇಳಿಕೊಳ್ಳುವ ವಿಭಜನೆಯಲ್ಲಿ ಪಾಲುದಾರನೇ ಸರಿ. ಆದರೆ ಮೌನಕ್ಕೆ ಬೈಗುಳ ಪರ್ಯಾಯವಲ್ಲ. 2023ರ ಏಪ್ರಿಲ್ 27ರಂದು ಗದಗ ಜಿಲ್ಲೆಯ ನರೇಗಲ್ಲಿನಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಮೋದಿಯವರನ್ನು ವಿಷಸರ್ಪಕ್ಕೆ ಹೋಲಿಸಿ, ತಾವು ಹೇಳಿದ್ದು ಬಿಜೆಪಿಯ ಸಿದ್ಧಾಂತದ ಬಗ್ಗೆ ಎಂದು ಅನಂತರ ಸ್ಪಷ್ಟೀಕರಣ ಕೊಡಬೇಕಾಯಿತು. ಎರಡು ದಿನಗಳ ಬಳಿಕ ಹುಮನಾಬಾದಿನಲ್ಲಿ ಮೋದಿಯವರು ಕಾಂಗ್ರೆಸ್ಸಿಗರು ತಮ್ಮನ್ನು 91 ಬಾರಿ ಬೈದಿದ್ದಾರೆಂದು ಲೆಕ್ಕ ಕೊಟ್ಟರು, ಮರುದಿನ ಕೋಲಾರದಲ್ಲಿ ಹಾವು ಶಿವನ ಕೊರಳಿನಲ್ಲಿರುತ್ತದೆ, ತಮಗೆ ಜನರೇ ಶಿವನೆಂದು ಹೇಳಿದರು. ಆ ದಿನಗಳ ಚರ್ಚೆಯಲ್ಲಿ ನೊಂದ ಯಾವ ಮನುಷ್ಯನ ಹೆಸರೂ ಕೇಳಿಬರಲಿಲ್ಲ. ವ್ಯಾಪಾರ ಕಳೆದುಕೊಂಡವನ ಪರವಾಗಿ ನಿಲ್ಲುವುದೆಂದರೆ ಆ ಊರಿಗೆ ಹೋಗುವುದು, ದೂರು ಬರೆಸುವುದು, ವಕೀಲರನ್ನು ಒದಗಿಸುವುದು, ಮುಂದಿನ ಸಂತೆಯ ದಿನ ಆತನ ಅಂಗಡಿಯ ಪಕ್ಕ ನಿಲ್ಲುವುದು. ವೇದಿಕೆಯ ಮೇಲಿನ ಸಿಟ್ಟಿಗಿಂತ ಇದು ಕಷ್ಟದ ಕೆಲಸ, ಆದ್ದರಿಂದಲೇ ಪಕ್ಷಗಳು ಸಿಟ್ಟನ್ನು ಆರಿಸಿಕೊಳ್ಳುತ್ತವೆ.

ಸಾಮಾಜಿಕ ಜಾಲತಾಣದ ಅಣಕಚಿತ್ರಗಳಿಂದ ನಾಯಕರನ್ನು ಮಣಿಸಬಹುದೆಂಬ ನಂಬಿಕೆ ಉತ್ತರಕ್ಕೆ ಅರ್ಹವಲ್ಲ. 2023ರ ಏಪ್ರಿಲ್ 9ರಂದು ಮೋದಿಯವರು ಬಂಡೀಪುರದಲ್ಲಿ ಸಫಾರಿ ಮಾಡಿದಾಗ ಅವರ ಟೋಪಿಯ ಬಗ್ಗೆ ನಕ್ಕವರಿಗೆ, ಕಾಡಂಚಿನಲ್ಲಿ ಆನೆಗೆ ಬೆಳೆ ಕಳೆದುಕೊಂಡ ರೈತನ ಪರಿಹಾರದ ಬಗ್ಗೆ ಕೇಳಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ.

ಹಾಗಾದರೆ ಸರಿಯಾದ ಎದುರಿಸುವಿಕೆಯ ಮಾದರಿ ಎಲ್ಲಿದೆ? ಅದು ಚಾಮರಾಜನಗರ ಜಿಲ್ಲೆಯಲ್ಲಿಯೇ ಇದೆ. 2021ರ ಮೇ 2ರಿಂದ 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಕೆಲವರು ಮಾತ್ರವೆಂದು ಅಂದಿನ ಸರ್ಕಾರ ಹೇಳಿತು. ಹೈಕೋರ್ಟಿನ ನಿರ್ದೇಶನದಂತೆ ರಚಿತವಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ಆಮ್ಲಜನಕದ ಕೊರತೆಯೇ ಕಾರಣವೆಂದು ಕಂಡುಕೊಂಡಿತು. ಆಗ ಪ್ರತಿಪಕ್ಷದಲ್ಲಿದ್ದ ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷ ಡಿ.ಕೆ. ಶಿವಕುಮಾರ್ ಸತ್ತವರ ಮನೆಗಳಿಗೆ ಹೋಗಿ ಕುಟುಂಬಗಳಿಗೆ ಪಕ್ಷದಿಂದ ನೆರವು ಕೊಟ್ಟರು. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೋ ಯಾತ್ರೆ ತಮಿಳುನಾಡಿನಿಂದ ಗುಂಡ್ಲುಪೇಟೆಯ ಮೂಲಕ ಕರ್ನಾಟಕವನ್ನು ಪ್ರವೇಶಿಸಿದಾಗ, ಸ್ವಾಗತದ ಫ್ಲೆಕ್ಸುಗಳನ್ನು ಹಿಂದಿನ ದಿನ ಹರಿದುಹಾಕಿದ್ದರ ಬಗ್ಗೆ ಎಚ್ಚರಿಕೆ, ಪ್ರತಿ ಎಚ್ಚರಿಕೆಗಳ ಗದ್ದಲ ನಡೆದಿತ್ತು; ಆದರೆ ಜನರ ನೆನಪಿನಲ್ಲಿ ಉಳಿಯುವಂತಹ ಕೆಲಸವೆಂದರೆ ಆ ದಿನ ರಾಹುಲ್ ಗಾಂಧಿಯವರು ಆಮ್ಲಜನಕ ದುರಂತದ ಕುಟುಂಬಗಳೊಂದಿಗೆ ಕುಳಿತು ಅವರ ಮಾತು ಕೇಳಿದ್ದು. ಏಳು ತಿಂಗಳ ನಂತರ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಬಿಜೆಪಿಗೆ ಒಂದೂ ದಕ್ಕಲಿಲ್ಲ. ಮೂರನ್ನು ಕಾಂಗ್ರೆಸ್ಸೂ ಹನೂರನ್ನು ಜೆಡಿಎಸ್ಸೂ ಪಡೆದವು. ಕಾಂಗ್ರೆಸ್ಸಿನ ಗ್ಯಾರಂಟಿ ಯೋಜನೆಗಳ ಭರವಸೆ, ಬಿಜೆಪಿ ಸರ್ಕಾರದ ಮೇಲಿನ ಶೇಕಡಾ 40 ಕಮಿಷನ್ನಿನ ಆರೋಪಗಳೂ ಇದಕ್ಕೆ ಕಾರಣವಾಗಿದ್ದವು. ಇವೆಲ್ಲವೂ ಆಡಳಿತದ ಪ್ರಶ್ನೆಗಳೇ ಎಂಬುದನ್ನು, ಖರ್ಗೆಯವರ ಮಾತಿನಿಂದ ಹಾನಿಯಾಗದೆ ಇದ್ದುದೂ ಇದೇ ಕಾರಣಕ್ಕೆಂಬುದನ್ನು ಮರೆಯಬಾರದು.

ಈ ದಾರಿಗೆ ಒಂದು ಕಠಿಣ ನಿಬಂಧನೆಯಿದೆ. ಎದುರಾಳಿಯ ಕಡತ ತೆರೆಯುವ ಪಕ್ಷ ತನ್ನ ಕಡತವನ್ನೂ ತೆರೆದಿಡಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ ಸಂಚಾರ ನಿಷೇಧವನ್ನು ಗುಂಡ್ಲುಪೇಟೆಯ ಪರಿಸರಪ್ರಿಯರು ಕಾಡಿನ ಉಸಿರೆಂದು ಕಾಪಾಡಿಕೊಳ್ಳುತ್ತಿರುವಾಗ, 2019ರ ಅಕ್ಟೋಬರಿನಲ್ಲಿ ಕೇರಳದ ವಯನಾಡಿನ ಸಂಸದರಾಗಿ ರಾಹುಲ್ ಗಾಂಧಿಯವರು ಅದರ ವಿರುದ್ಧದ ಹೋರಾಟಕ್ಕೆ ಸುಲ್ತಾನ್ ಬತ್ತೇರಿಗೆ ಹೋಗಿ ಬೆಂಬಲ ಸೂಚಿಸಿದ್ದರು. ಗಡಿಯ ಆಚೆಗೊಂದು ಮಾತು, ಈಚೆಗೊಂದು ಮೌನ ಎಂಬಂತಾದರೆ ಒಗ್ಗೂಡಿಸುವ ಮಾತಿಗೆ ಬೆಲೆಯಿರುವುದಿಲ್ಲ.

ಈ ದಾರಿಯ ಮುಂದಿನ ಪರೀಕ್ಷೆಯೂ ಈ ಜಿಲ್ಲೆಯಲ್ಲಿಯೇ ಇದೆ. 2024ರ ಏಪ್ರಿಲ್ 26ರ ಲೋಕಸಭಾ ಮತದಾನದಂದು ಹನೂರು ತಾಲ್ಲೂಕಿನ ಇಂಡಿಗನತ್ತದ ಜನರು, ರಸ್ತೆ, ನೀರು, ವಿದ್ಯುತ್ತಿನಂತಹ ಮೂಲಸೌಕರ್ಯಗಳಿಲ್ಲವೆಂದು ಮತದಾನವನ್ನು ಬಹಿಷ್ಕರಿಸಿದರು. ಬಲವಂತದಿಂದ ಮತದಾನ ಮಾಡಿಸುವ ಯತ್ನ ನಡೆದಾಗ ಗಲಭೆಯಾಗಿ ಮತಯಂತ್ರಗಳು ಒಡೆದುಹೋದವು, ಮೂರು ದಿನಗಳ ನಂತರ ಮರುಮತದಾನ ನಡೆಸಬೇಕಾಯಿತು. ಆ ಚುನಾವಣೆಯಲ್ಲಿ ಚಾಮರಾಜನಗರದಿಂದ ಕಾಂಗ್ರೆಸ್ಸಿನ ಸುನಿಲ್ ಬೋಸ್ 1,88,706 ಮತಗಳ ಅಂತರದಲ್ಲಿ ಗೆದ್ದರು. ಇಷ್ಟು ದೊಡ್ಡ ಗೆಲುವು ಪಡೆದ ಪಕ್ಷವೂ, ಅದನ್ನು ಎದುರಿಸಬೇಕಾದ ಪಕ್ಷವೂ ತಮ್ಮ ನಾಯಕರ ವಾಗ್ವಾದವನ್ನು ಬದಿಗಿಟ್ಟು, ಚುನಾವಣೆಯಿಲ್ಲದ ವರ್ಷದಲ್ಲಿಯೇ ಇಂಡಿಗನತ್ತದ ದಾರಿ ಹಿಡಿದು ಹೋಗಿ, ಅಲ್ಲಿಯ ಜನರ ಬೇಡಿಕೆಗಳ ಪಟ್ಟಿಯನ್ನು ವಿಧಾನಸಭೆಯ ಮುಂದಿಡಬೇಕು.