ಕಾಲಿನ ಹುಣ್ಣೂ ಕೂಲಿಯ ಲೆಕ್ಕವೂ

ಹತ್ತಿ ಗಿರಣಿಯ ಹಮಾಲನ ಅಂಗಾಲಿಗೆ ಮೊಳೆ ಚುಚ್ಚಿದರೆ ಅವನು ಕೂಗಬೇಕು. ಕೂಗಿದವನ ಬಗ್ಗೆ ಅಷ್ಟೇನೂ ಭಯವಿಲ್ಲ. ಕೂಗದೆ ಪಾಳಿ ಮುಗಿಸಿ ಮನೆಗೆ ಹೋಗಿ, ನೆಲದ ಮೇಲಿನ ರಕ್ತದ ಕಲೆಯನ್ನು ಹೆಂಡತಿ ತೋರಿಸಿದಾಗ "ಎಲ್ಲಿ ಚುಚ್ಚಿತೋ ಏನೋ" ಎನ್ನುವವನಿದ್ದಾನಲ್ಲ, ಅವನ ಬಗ್ಗೆ ಭಯಪಡಬೇಕು. ಸಕ್ಕರೆ ರೋಗ ಹಳತಾದಾಗ ಆಗುವುದು ಇದೇ.

ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಹೆಚ್ಚಾಗಿ ನಿಂತರೆ ನರಗಳು ಕೆಡುತ್ತವೆ. ಮೊದಲು ಕೆಡುವುದು ಪಾದದ ನರ. ಕಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ, ಆಮೇಲೆ ಸುಮ್ಮನಾಗುತ್ತದೆ. ರೋಗಿಯು "ಉರಿ ಹೋಯಿತು, ಗುಣವಾಯಿತು" ಎಂದು ಹಿಗ್ಗುತ್ತಾನೆ. ಅದು ಗುಣವಲ್ಲ, ಅರಿವು ಸತ್ತದ್ದು. ಬೆವರು ನಿಂತು ಹಿಮ್ಮಡಿ ಒಡೆಯುತ್ತದೆ. ಬೆರಳು ಮುದುಡಿ ದೇಹದ ಭಾರವೆಲ್ಲ ಒಂದೇ ಕಡೆ ಬಿದ್ದು ಆಣಿ ಕಟ್ಟುತ್ತದೆ. ಆಣಿಯ ಅಡಿಯಲ್ಲಿ ಹುಣ್ಣು ಹುಟ್ಟುತ್ತದೆ. ಕಾಲಿನ ರಕ್ತನಾಳಗಳೂ ಸಣ್ಣಗಾಗಿದ್ದರೆ ಆ ಹುಣ್ಣು ಮಾಯುವುದಿಲ್ಲ. ಬೀಡಿ ಸೇದುವವರಲ್ಲಿ ನಾಳ ಇನ್ನೂ ಬೇಗ ಕಟ್ಟುತ್ತದೆ. ನಂಜು ಎಲುಬಿಗೆ ಇಳಿದ ಮೇಲೆ ಎಷ್ಟೋ ಸಲ ಡಾಕ್ಟರರು ಗರಗಸ ಹಿಡಿಯಬೇಕಾಗುತ್ತದೆ.

ಇದು ಸಾಹುಕಾರರ ರೋಗ ಎಂಬ ಮಾತನ್ನು ಇನ್ನಾದರೂ ಬಿಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಂತೆ ದೇಶದಲ್ಲಿ ಸಕ್ಕರೆ ರೋಗಿಗಳು 10 ಕೋಟಿಗೂ ಹೆಚ್ಚು. ಅಷ್ಟು ಸಾಹುಕಾರರು ಈ ದೇಶದಲ್ಲಿ ಎಲ್ಲಿದ್ದಾರೆ?

ಅಂಗಡಿಕಾರ ಬಂಧುಗಳು ಇದು ಹಮಾಲರ ಸುದ್ದಿ ಎಂದು ಪುಟ ತಿರುಗಿಸಬಾರದು. ಶಹಾಪುರ, ಸುರಪುರದ ಕಿರಾಣಿ ಅಂಗಡಿಗಳಲ್ಲಿ ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು ದಿನವಿಡೀ ಬರಿಗಾಲಲ್ಲಿ ಓಡಾಡುವುದು ವಾಡಿಕೆ. ಗೋಣಿಚೀಲ ಹೊಲಿಯುವ ದಬ್ಬಣ, ಡಬ್ಬಿಯ ತಗಡು, ಪೆಟ್ಟಿಗೆಯ ಮೊಳೆ ಎಲ್ಲ ಆ ನೆಲದ ಮೇಲೇ ಬಿದ್ದಿರುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಡಾಂಬರು ರಸ್ತೆ ಕಾದ ಹಂಚಿನಂತಿರುತ್ತದೆ. ಅರಿವಿಲ್ಲದ ಕಾಲಿಗೆ ಬೊಕ್ಕೆ ಎದ್ದದ್ದೂ ತಿಳಿಯದು. ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವವರಲ್ಲಿ ಇಂಥವರೂ ಇರುತ್ತಾರೆ. ಹರಕೆ ಬೇಡವೆನ್ನಲು ನಾನು ಯಾರು? ಆದರೆ ಇಂಥವರು ಚಪ್ಪಲಿ ಮೆಟ್ಟಿ ನಡೆದರೆ ಮಲ್ಲಯ್ಯ ಮುನಿಯುತ್ತಾನೆಂದು ನಾನು ನಂಬುವುದಿಲ್ಲ.

ಅರಿವಿಲ್ಲದ ಕಾಲನ್ನು ಉಳಿಸುವ ವಿದ್ಯೆ ನಮ್ಮ ದಕ್ಷಿಣ ದೇಶದಲ್ಲಿಯೇ ಬೆಳೆದದ್ದು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕಾಲುಗಳನ್ನು ಪರೀಕ್ಷಿಸಿದರು. ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ನೋವು ತಿಳಿಯದೆ ಆದ ಗಾಯಗಳಿಂದ ಹಾಳಾಗುತ್ತವೆ ಎಂದು ಅವರು ಕಂಡುಕೊಂಡರು. ಆಗ ಮೆತ್ತನೆಯ ರಬ್ಬರಿನ ಚಪ್ಪಲಿಗಳು ತಯಾರಾದವು. ಇದೇ ತಿಳಿವಳಿಕೆಯನ್ನು ಅವರು ಮುಂದೆ ಅಮೆರಿಕದಲ್ಲಿ ಸಕ್ಕರೆ ರೋಗಿಗಳ ಕಾಲಿಗೂ ಅನ್ವಯಿಸಿದರು. ಎಂ.ಸಿ.ಆರ್. ಎಂದು ಕರೆಯುವ ಆ ಚಪ್ಪಲಿಯನ್ನು ಕುಷ್ಠರೋಗದಿಂದ ಕಾಲಿನ ಅರಿವು ಹೋದವರಿಗೆ ಸರಕಾರ ಇಂದಿಗೂ ಪುಕ್ಕಟೆ ಕೊಡುತ್ತದೆ. ಸಕ್ಕರೆಯಿಂದ ಅರಿವು ಹೋದ ಕಾಲೂ ಹಾಗೆಯೇ ಸವೆಯುತ್ತದೆ, ಹಾಗೆಯೇ ಕೊಳೆಯುತ್ತದೆ. ಅವನಿಗೆ ಏಕಿಲ್ಲ?

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಅಂಗಾಲಿನ ಹುಣ್ಣಿಗೆ ಮೊದಲ ಔಷಧ ಮಾತ್ರೆಯಲ್ಲ, ಮುಲಾಮೂ ಅಲ್ಲ. ಆ ಕಾಲಿನ ಮೇಲೆ ಭಾರ ಬೀಳದಂತೆ ಮಾಡುವುದು. ಪಾದಕ್ಕೆ ಒಪ್ಪುವ ಪಟ್ಟು ಹಾಕಿ ಆರೆಂಟು ವಾರ ಭಾರ ತಪ್ಪಿಸಿದರೆ ರಕ್ತ ಓಡುತ್ತಿರುವ ಕಾಲಿನ ಹುಣ್ಣು ಬಹುಮಟ್ಟಿಗೆ ಮಾಯುತ್ತದೆ. ಡಾಕ್ಟರು "ಕಾಲು ಊರಬೇಡ" ಎಂದು ಚೀಟಿಯಲ್ಲಿ ಬರೆದುಬಿಡುತ್ತಾರೆ. ಚೀಲಕ್ಕೆ ಇಷ್ಟು ಎಂದು ಕೂಲಿ ಎಣಿಸಿಕೊಳ್ಳುವ ಹಮಾಲನು ಕಾಲು ಊರದೆ ಎರಡು ತಿಂಗಳು ಏನು ತಿನ್ನಬೇಕು? ಅದನ್ನು ಯಾವ ಚೀಟಿಯಲ್ಲಿಯೂ ಬರೆದಿರುವುದಿಲ್ಲ. ಗಿರಣಿಯ ಹಾಜರಿ ಪಟ್ಟಿಯಲ್ಲಿ ಹೆಸರಿದ್ದು ಇ.ಎಸ್.ಐ. ವಂತಿಗೆ ಕಟ್ಟಿದವನಿಗೆ ಬೇನೆಯ ದಿನಗಳ ಭತ್ಯೆಯುಂಟು. ಹೆಸರೇ ಇಲ್ಲದವನು ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಮರುದಿನ ಮತ್ತೆ ಚೀಲ ಹೊರುತ್ತಾನೆ. ಆ ಕಾಲು ಹೋಗುವುದು ರೋಗದಿಂದ ಎಷ್ಟೋ, ಕೂಲಿಯ ಲೆಕ್ಕದಿಂದಲೂ ಅಷ್ಟೇ. ಮಾಯ್ದ ಮೇಲೂ ನೂರರಲ್ಲಿ ಸುಮಾರು ನಲವತ್ತು ಮಂದಿಗೆ ವರ್ಷದೊಳಗೆ ಹುಣ್ಣು ಮರಳುತ್ತದೆ ಎನ್ನುತ್ತಾರೆ ತಜ್ಞರು. ಹಳೆಯ ಚಪ್ಪಲಿ, ಹಳೆಯ ಕೆಲಸಕ್ಕೇ ಮರಳಿದವನಿಗೆ ಬೇರೇನಾದೀತು?

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ದವಾಖಾನೆಯವರು ರೂಢಿಗೆ ತಂದದ್ದು. ರೋಗಿ ಕಣ್ಣು ಮುಚ್ಚಿ ಮಲಗಲಿ. ಮನೆಯವರು ತೋರುಬೆರಳಿನಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಹಗುರವಾಗಿ ಒಂದೆರಡು ಕ್ಷಣ ಮುಟ್ಟಲಿ. ಒತ್ತಬಾರದು, ಕಚಗುಳಿ ಇಡಬಾರದು. ಆರರಲ್ಲಿ ಎರಡು ಮುಟ್ಟು ತಿಳಿಯದೆ ಹೋದರೂ ದವಾಖಾನೆಗೆ ನಡೆಯಬೇಕು. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿರಿ. ಬಗ್ಗಲಾಗದವರು ಕನ್ನಡಿ ಹಿಡಿಯಿರಿ, ಇಲ್ಲವೆ ಮಗಳನ್ನು ಕರೆಯಿರಿ. ಮೆಟ್ಟುವ ಮೊದಲು ಚಪ್ಪಲಿ ಕೊಡವಿರಿ. ಬ್ಲೇಡಿನಿಂದ ಆಣಿ ಕೊಯ್ಯುವುದು, ಬಿಸಿ ಇಟ್ಟಿಗೆಯ ಶಾಖ ಕೊಡುವುದು, ಇವೆರಡನ್ನೂ ಬಿಡಿರಿ. ಕಾಲು ಕೆಂಪಾಗಿ ಬಾತು ವಾಸನೆ ಬಂದರೆ ಅಂದೇ ಹೋಗಬೇಕು, ಸಂತೆ ಮುಗಿಯಲಿ ಎನ್ನಬಾರದು.

ಕಾಲಿನ ಆರೈಕೆಗೇ ಮೀಸಲಾದ ವಿಭಾಗವುಳ್ಳ ಸರಕಾರಿ ಸಂಸ್ಥೆ ಬೆಂಗಳೂರಿನಲ್ಲಿದೆ. ಅದು ನಮಗೆ ಒಂದು ರಾತ್ರಿಯ ರೈಲಿನ ದಾರಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ಈಗ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಅಲ್ಲಿ ವಾರಕ್ಕೊಂದು ದಿನ ಪಾದ ಪರೀಕ್ಷೆ ನಡೆಯಲಿ. ಶಹಾಪುರ, ಸುರಪುರದ ತಾಲೂಕು ದವಾಖಾನೆಗಳಲ್ಲಿ ಸಕ್ಕರೆ ಮಾತ್ರೆ ಕೊಡುವಾಗಲೇ ಚಪ್ಪಲಿ ಬಿಚ್ಚಿಸಿ ಕಾಲು ನೋಡಲಿ. ಅದಕ್ಕೆ ಬೇಕಾದದ್ದು ಒಂದು ನೈಲಾನ್ ಎಳೆ ಮತ್ತು ಎರಡು ನಿಮಿಷ. ಎಂ.ಸಿ.ಆರ್. ಚಪ್ಪಲಿ ಇವರಿಗೂ ಸಿಗಲಿ. ಗಿರಣಿಯ ಮಾಲೀಕರು, ಅಡತಿಯವರು ಹಮಾಲರ ಹೆಸರನ್ನು ಪಟ್ಟಿಗೆ ಸೇರಿಸಲಿ. ಹುಣ್ಣಾದವನಿಗೆ ಆ ಆರೆಂಟು ವಾರ ಕುಳಿತು ಮಾಡುವ ಕೆಲಸವನ್ನಾದರೂ ಕೊಡಲಿ, ತೂಕ ಬರೆಯುವುದೋ ಚೀಲ ಎಣಿಸುವುದೋ. ಈ ಬೇಡಿಕೆಗಳ ಮನವಿಯನ್ನು ಬಟವಡೆಯ ದಿನ ಗಿರಣಿಗಳ ಬಾಗಿಲಿಗೆ ತರುತ್ತೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು.