ಕೈಯ ನೋಟವೂ ಕಣ್ಣಿನ ಹೊಣೆಯೂ

ಇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂಬುದು ಹಿರಿಯರ ಅಭಿಮತ. ಛಾಯಾಗ್ರಹಣವಂತೂ ಕಣ್ಣನ್ನೇ ನಚ್ಚಿ ಬೆಳೆದ ವಿದ್ಯೆ. ಹೀಗಿರುವಾಗ, ವ್ಯೂಫೈಂಡರ್ ಎಂಬ ನೋಟದ ಕಿಂಡಿಗೆ ಕಣ್ಣಿಡದೆ, ಕ್ಯಾಮೆರಾವನ್ನು ಎದೆಯ ಬಳಿಯಲ್ಲೋ ಸೊಂಟದ ಬಳಿಯಲ್ಲೋ ಹಿಡಿದು ಬೀದಿಯ ಜನರ ಚಿತ್ರ ತೆಗೆಯುವ ಪದ್ಧತಿಯೊಂದು ಬಳಕೆಯಲ್ಲಿದೆಯೆಂದರೆ ಸಂಪ್ರದಾಯಸ್ಥರು ಹುಬ್ಬೇರಿಸುವುದು ಸಹಜ. ಇದು ವಿದ್ಯೆಯೋ, ಬರಿಯ ಅದೃಷ್ಟವೋ, ಅಥವಾ ಕಳವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ವಿದ್ಯಾರ್ಥಿಗಳ ಕೈಗೆಲ್ಲ ಕ್ಯಾಮೆರಾವುಳ್ಳ ಮೊಬೈಲ್ ಫೋನ್ ಎಟಕುವ ಈ ಕಾಲದಲ್ಲಿ ಉಪಾಧ್ಯಾಯರು ಇದನ್ನು ಉಪೇಕ್ಷಿಸುವಂತಿಲ್ಲ.

ಬೆಂಗಳೂರಿನ ತ್ಯಾಗರಾಜನಗರದಂತಹ ಬಡಾವಣೆಯ ಬೀದಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಂಜಾನೆ ಹೂ ಕಟ್ಟುವ ಹೆಂಗಸು, ತಳ್ಳುಗಾಡಿಯ ತರಕಾರಿಯವನು, ಹೋಟೆಲಿನ ಮುಂದೆ ನಿಂತು ಕಾಫಿ ಹೀರುವ ವೃದ್ಧರು, ಇವರೆಲ್ಲ ತಮ್ಮ ಪಾಡಿಗೆ ತಾವಿರುತ್ತಾರೆ. ಕ್ಯಾಮೆರಾ ಯಾರದೋ ಮುಖಕ್ಕೇರಿತೆಂದರೆ ಸೆರಗು ಸರಿಯಾಗುತ್ತದೆ, ಮಾತು ನಿಲ್ಲುತ್ತದೆ. ಸಮೀಪದ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿಯಾದರೋ ಕ್ಯಾಮೆರಾ ಎತ್ತಿ ಹಿಡಿಯಲು ತೆರಪೇ ಇರದು. ಇದ್ದುದನ್ನು ಇದ್ದಂತೆ ಹಿಡಿಯಬೇಕೆಂಬ ಹಂಬಲದಿಂದಲೇ ಈ ಪದ್ಧತಿ ಹುಟ್ಟಿತು.

ಇದು ಕುರುಡಾಟವೆಂಬ ಆಕ್ಷೇಪ ನಿಲ್ಲತಕ್ಕದ್ದಲ್ಲ. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಕ್ಕೆ 28 ಮಿಲಿಮೀಟರಿನ ಮಸೂರವನ್ನು ತೊಡಿಸಿ, ಅದರ ರಂಧ್ರವನ್ನು ಎಫ್ 11ಕ್ಕೆ ಕಿರಿದುಗೊಳಿಸಿ, ಫೋಕಸನ್ನು ಎರಡೂವರೆ ಮೀಟರಿಗೆ ನಿಲ್ಲಿಸಿದರೆ, ಸುಮಾರು ಒಂದೂಕಾಲು ಮೀಟರಿನಿಂದ ಆಚೆಗಿರುವುದೆಲ್ಲವೂ ಸ್ಫುಟವಾಗಿಯೇ ಮೂಡುತ್ತದೆ. ಎರಡೂವರೆ ಮೀಟರ್ ದೂರದಲ್ಲಿ ಮೂರು ಮೀಟರಿಗೂ ತುಸು ಹೆಚ್ಚಿನ ಅಗಲ ಚೌಕಟ್ಟಿನೊಳಗೆ ಅಡಗುತ್ತದೆ. ಸೆಕೆಂಡಿನ 250ನೆಯ ಒಂದು ಭಾಗದ ವೇಗವಿದ್ದರೆ ನಡೆಯುವವನ ಹೆಜ್ಜೆಯೂ ನಿಲ್ಲುತ್ತದೆ. ಈ ದೂರ, ಈ ಅಗಲ, ಕ್ಯಾಮೆರಾ ತುಸು ಓರೆಯಾದರೆ ವಾಲುವ ಗೋಡೆ, ಇವೆಲ್ಲವೂ ಅಂಗೈಗೆ ಕರಗತವಾಗಬೇಕು. ಮೊದಲು ಕಣ್ಣು ಕಲಿತದ್ದನ್ನು ಕೈ ಆಮೇಲೆ ನಡೆಸುತ್ತದೆ. ವೀಣೆಯ ಮೆಟ್ಟಿಲುಗಳನ್ನು ನೋಡದೆಯೇ ನುಡಿಸುವ ವೈಣಿಕನ ಬೆರಳು ಇದಕ್ಕೆ ಸಾದೃಶ್ಯ.

ಆದರೆ ಕೌಶಲವಿದ್ದ ಮಾತ್ರಕ್ಕೆ ಕಾರ್ಯವು ಧರ್ಮ್ಯವಾಗದು. ನ್ಯೂಯಾರ್ಕಿನ ಪಾಲ್ ಸ್ಟ್ರಾಂಡ್ 1916ರಲ್ಲಿ ಕ್ಯಾಮೆರಾಕ್ಕೆ ಹುಸಿ ಮಸೂರ ಜೋಡಿಸಿ ದಾರಿಹೋಕರ ಚಿತ್ರ ತೆಗೆದನು. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ ಸುರಂಗ ರೈಲಿನ ಪ್ರಯಾಣಿಕರ ಮುಖಗಳನ್ನು ಸೆರೆಹಿಡಿದನು. ಅವು ಪುಸ್ತಕವಾದದ್ದು 1966ರಲ್ಲಿ. ಕಾಲು ಶತಮಾನದ ಆ ಅಂತರ ಒಂದು ಮರೆಯಾಗಿತ್ತು. ಇಂದು ತೆಗೆದ ಚಿತ್ರ ಮರುಗಳಿಗೆಯಲ್ಲಿಯೇ ಲೋಕಸಂಚಾರ ಹೊರಡುತ್ತದೆ. ಹೂವಿನವಳು ಮಾತ್ರ ತನ್ನ ಮುಖ ಎಲ್ಲೆಲ್ಲಿ ಸುತ್ತುತ್ತಿದೆಯೆಂಬುದನ್ನು ಅರಿಯಳು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಬೀದಿ ಸಾರ್ವಜನಿಕವಾದುದು ನಿಜ. ಬೀದಿಯಲ್ಲಿ ನಿಂತವರ ಮಾನ ಸಾರ್ವಜನಿಕ ಸೊತ್ತಲ್ಲ.

ಒಪ್ಪಿಗೆ ಕೇಳಿದರೆ ಸಹಜತೆ ಕೆಡುತ್ತದೆಂದು ಈ ಪದ್ಧತಿಯವರು ವಾದಿಸಬಹುದು. ವಾದದಲ್ಲಿ ಹುರುಳಿದೆ. ಆದರೆ ಒಪ್ಪಿಗೆಯನ್ನು ಚಿತ್ರ ತೆಗೆದ ಮೇಲೆಯೂ ಕೇಳಬಹುದಲ್ಲವೆ? ಫಿಲ್ಮಿನ ಕಾಲದಲ್ಲಿ ಇದು ದುಸ್ಸಾಧ್ಯವಾಗಿತ್ತು. ಇಂದಿನ ಕ್ಯಾಮೆರಾದ ಬೆನ್ನಿನಲ್ಲಿಯೇ ಚಿತ್ರ ಕಾಣುತ್ತದೆ. "ತಾಯಿ, ಇದು ನಿಮ್ಮ ಚಿತ್ರ" ಎಂದು ತೋರಿಸಲು ನಾಚುವಂತಹ ಚಿತ್ರವಿದ್ದರೆ ಅದು ಕಳವೇ ಸರಿ. ಬೇಡವೆಂದರೆ ಅಳಿಸಿಬಿಡತಕ್ಕದ್ದು. ದುಃಖಿತರು, ರೋಗಿಗಳು, ಮೈಮರೆತು ಮಲಗಿದವರು, ಇವರತ್ತ ಕ್ಯಾಮೆರಾ ತಿರುಗಿಸದಿರುವುದೇ ಸಂಸ್ಕಾರ.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನೆಡುವ ಅನುಸಂಧಾನದಲ್ಲಿ ಕೈಗೂ ಕಣ್ಣಿಗೂ ಭೇದವಿಲ್ಲ. ಎರಡನ್ನೂ ಒಂದಾಗಿಸುವುದು ಅರಿವು. ಆ ಪರಂಪರೆಯ ವಿದ್ಯಾಲಯಗಳು ಮಕ್ಕಳಿಗೆ ಛಾಯಾಗ್ರಹಣವನ್ನು ಕಲಿಸುವುದಾದರೆ, ಮೊದಲ ದಿನ ಕ್ಯಾಮೆರಾ ಕೊಡದೆ ಅರ್ಧ ಗಂಟೆ ಬೀದಿಯ ಒಂದು ಮೂಲೆಯಲ್ಲಿ ನಿಲ್ಲಿಸಿ, ಕಂಡುದನ್ನು ಬರೆಸಲಿ. ಅಲ್ಲಿ ದುಡಿಯುವವರ ಹೆಸರು, ಕಾಯಕ, ಬಂದ ಊರು ಇವನ್ನು ಕೇಳಿ ತಿಳಿಯಲಿ. ಆಮೇಲೆ ಕಿಂಡಿಯಲ್ಲಿ ನೋಡಿ ತೆಗೆಯಲಿ, ನೋಡದೆಯೂ ತೆಗೆಯಲಿ. ವರ್ಷಾಂತ್ಯದ ಪ್ರದರ್ಶನಕ್ಕೆ ಆ ಹೂವಿನವಳನ್ನೂ ತರಕಾರಿಯವನನ್ನೂ ಆಹ್ವಾನಿಸಿ, ದಾನಿಗಳ ಸಾಲಿನಲ್ಲಿಯೇ ಕುಳ್ಳಿರಿಸಲಿ.