ಸೊನ್ನೆ ಬಿಲ್ಲು, ಸೊರಗಿದ ವೋಲ್ಟೇಜು

ಔರಾದ್ ಕಡೆಯ ಮನೆಗಳ ಬೀಗತನ ಒಂದೇ ರಾಜ್ಯಕ್ಕೆ ಮುಗಿಯುವುದಿಲ್ಲ. ಮಗಳನ್ನು ಮಹಾರಾಷ್ಟ್ರದ ಉದಗೀರಕ್ಕೋ ದೇಗಲೂರಿಗೋ ಕೊಟ್ಟಿರುತ್ತಾರೆ. ಸೊಸೆ ತೆಲಂಗಾಣದ ಜಹೀರಾಬಾದಿನಿಂದಲೋ ನಾರಾಯಣಖೇಡದಿಂದಲೋ ಬಂದಿರುತ್ತಾಳೆ. ಈ ಮೂರೂ ಕಡೆಯವರು ಒಂದು ಮದುವೆಯಲ್ಲಿ ಸೇರಿದರೆ ತೊಗರಿ, ಸೋಯಾ ಧಾರಣೆಯ ಮಾತು ಮುಗಿದ ಮೇಲೆ ಕರೆಂಟ್ ಬಿಲ್ಲಿನ ಮಾತು ಏಳುತ್ತದೆ. ಕರ್ನಾಟಕದವರದು ಸೊನ್ನೆ ಬಿಲ್ಲು. ತೆಲಂಗಾಣದಲ್ಲೂ 2024ರ ಮಾರ್ಚಿನಿಂದ ಬಿಳಿ ರೇಷನ್ ಕಾರ್ಡಿನ ಮನೆಗಳಿಗೆ 200 ಯೂನಿಟ್‌ವರೆಗೆ ಸೊನ್ನೆ. ಮಹಾರಾಷ್ಟ್ರದ ಬೀಗರು ಮಾತ್ರ 100 ಯೂನಿಟ್ ದಾಟಿದ ಮೇಲೆ ಪ್ರತಿ ಯೂನಿಟ್‌ಗೆ 10 ರೂಪಾಯಿಗೂ ಹೆಚ್ಚು ಎಣಿಸುತ್ತಾರೆ. ಅಲ್ಲಿಗೆ ಗೆದ್ದವರು ಯಾರು ಎಂಬುದು ತೀರ್ಮಾನವಾದಂತೆ ಕಾಣುತ್ತದೆ. ಆದರೆ ಬೀದರ್ ಜಿಲ್ಲೆಯಲ್ಲೇ ಬೀದರ್ ನಗರ, ಭಾಲ್ಕಿ, ಔರಾದ್ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಲೆಕ್ಕ ಅಷ್ಟು ಸಲೀಸಲ್ಲ.

ಕರ್ನಾಟಕದ ಈ ಸೊನ್ನೆ ಬಿಲ್ಲಿನ ಯೋಜನೆ, ಗೃಹಜ್ಯೋತಿ, ಬಂದ ಹೊತ್ತನ್ನು ನೆನಪಿಸಿಕೊಳ್ಳಬೇಕು. 2023ರ ಮೇ 12ರಂದು ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು, ಅದೂ ಏಪ್ರಿಲ್ 1ರಿಂದಲೇ ಅನ್ವಯವಾಗುವಂತೆ. ಹಿಂಬಾಕಿಯೂ ಸೇರಿಕೊಂಡು ಜೂನ್ ತಿಂಗಳ ಬಿಲ್ಲು ಕೈಗೆ ಬಂದಾಗ ರಾಜ್ಯದ ಉದ್ದಗಲಕ್ಕೂ ಜನ ಕೆರಳಿದರು. ಅದೇ ಬಿಸಿಯಲ್ಲಿ ಜುಲೈ ಬಳಕೆಯಿಂದ ಉಚಿತ ವಿದ್ಯುತ್ ಜಾರಿಯಾಯಿತು. ಆಗಸ್ಟ್ 5ರಂದು ಕಲಬುರಗಿಯಲ್ಲಿ ಅದರ ಅಧಿಕೃತ ಚಾಲನೆ. ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂನ ಕೇಂದ್ರ ಕಚೇರಿ ಇರುವ ಊರಿನಲ್ಲೇ.

ಯೋಜನೆಯ ಪರವಾಗಿ ಹೇಳುವವರ ಮಾತಿನಲ್ಲಿ ಗಟ್ಟಿ ಕಾಳಿದೆ. 2025-26ರ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು 36 ಪೈಸೆ, ಶೇಕಡಾ 9ರ ತೆರಿಗೆ. ಎಲ್ಲ ಸೇರಿದರೆ ಆರೂವರೆ ರೂಪಾಯಿಗೂ ಮೇಲೆ. ಇದಲ್ಲದೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಸ್ಥಿರ ಶುಲ್ಕ. ಇಂಧನ ಮತ್ತು ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಬಾಲ ಬೇರೆ, ಅದು ತಿಂಗಳಿಂದ ತಿಂಗಳಿಗೆ ಕುಣಿಯುತ್ತಿರುತ್ತದೆ. ಒಂದು ಕಿಲೋವ್ಯಾಟ್ ಸಂಪರ್ಕದ ಮನೆ 100 ಯೂನಿಟ್ ಸುಟ್ಟರೆ ಹತ್ತಿರ ಹತ್ತಿರ 800 ರೂಪಾಯಿ. ವರ್ಷಕ್ಕೆ ಹತ್ತು ಸಾವಿರದ ಸಮೀಪ. ಭಾಲ್ಕಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಹೆಣ್ಣುಮಗಳಿಗೆ, ಬೀದರಿನ ಗಾಂಧಿಗಂಜಿನಲ್ಲಿ ಹಮಾಲಿ ಮಾಡುವವನಿಗೆ ಇದು ಸಣ್ಣ ಮೊತ್ತವಲ್ಲ. ಬಾಕಿ ಉಳಿದು ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವ ಅವಮಾನವೂ ತಪ್ಪಿತು. ಇನ್ನೊಂದು ಸಂಗತಿಯನ್ನು ಟೀಕಾಕಾರರು ಮರೆಯುತ್ತಾರೆ: ಸೊನ್ನೆ ಬಿಲ್ಲು ಬೇಕೆಂದರೆ ಮೊದಲು ಮೀಟರ್ ಬೇಕು, ಆರ್‌ಆರ್ ನಂಬರ್ ಬೇಕು. ಕಂಬಕ್ಕೆ ಕೊಂಡಿ ಹಾಕುತ್ತಿದ್ದವನಿಗೆ ಸಕ್ರಮ ಸಂಪರ್ಕ ಪಡೆಯಲು ಮೊದಲ ಸಲ ಒಂದು ಆಸೆ ಹುಟ್ಟಿತು.

ವಿರುದ್ಧ ಮಾತಿಗೂ ತೂಕವಿದೆ. 2025-26ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ ತೆಗೆದಿಟ್ಟ ಹಣ 10,100 ಕೋಟಿ ರೂಪಾಯಿ. ಅದರಲ್ಲಿ ಎಷ್ಟು ಟಿಸಿ (ಟ್ರಾನ್ಸ್‌ಫಾರ್ಮರ್), ಎಷ್ಟು ಸಬ್‌ಸ್ಟೇಷನ್, ಎಷ್ಟು ಮೈಲಿ ತಂತಿ ಆಗುತ್ತಿತ್ತು ಎಂದು ಕೇಳುವವರನ್ನು ಬಡವರ ವಿರೋಧಿಗಳೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಇನ್ನೊಂದು ಆಕ್ಷೇಪ, ಬಿಟ್ಟಿ ಸಿಕ್ಕದ್ದಕ್ಕೆ ಲೆಕ್ಕ ಇರುವುದಿಲ್ಲ ಎಂಬುದು. ಇದು ಅರ್ಧ ನಿಜ. ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ದಿನಕ್ಕೆ 15 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದ ತಿಂಗಳಿಗೆ 20 ಯೂನಿಟ್ ಉಳಿತಾಯ. ಆದರೆ ಬಿಲ್ಲು ಹೇಗೂ ಸೊನ್ನೆ ಎನ್ನುವ ಮನೆಗೆ ಆ 20 ಯೂನಿಟ್‌ನ ಬೆಲೆಯೂ ಸೊನ್ನೆ. ಮೂರು ಸಾವಿರ ಕೊಟ್ಟು ಹೊಸ ಫ್ಯಾನ್ ಯಾಕೆ ತರಬೇಕು?

ಇನ್ನರ್ಧ ನಿಜ 200 ಯೂನಿಟ್‌ನ ಗಡಿಯಲ್ಲಿದೆ. 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10. ಅದು ಮನೆಯ ಉಚಿತ ಪಾಲು. ಪಾಲು ಮೀರಿದರೂ 200ರ ಒಳಗಿದ್ದರೆ ಮೀರಿದ ಯೂನಿಟ್‌ಗಷ್ಟೇ ಹಣ. 201 ಆಯಿತೋ, ಇಡೀ ಬಿಲ್ಲು ತಲೆಯ ಮೇಲೆ. 187 ಯೂನಿಟ್ ಪಾಲಿದ್ದ ಮನೆ 200ಕ್ಕೆ ನಿಂತರೆ 13 ಯೂನಿಟ್‌ನ ಹಣ, ನೂರು ರೂಪಾಯಿಯೊಳಗೆ. ಇನ್ನೊಂದೇ ಯೂನಿಟ್ ಹೆಚ್ಚಾದರೆ ಸ್ಥಿರ ಶುಲ್ಕ ಬಿಟ್ಟೇ 1,300ಕ್ಕೂ ಮೇಲೆ. ಬೀದರಿನ ಮನೆಯಲ್ಲಿ ಮೇ ತಿಂಗಳ ಮೂರನೇ ವಾರ ಯಾರಾದರೂ ಮೀಟರ್ ಮುಂದೆ ನಿಂತು ಓದುತ್ತಿದ್ದರೆ ಅದಕ್ಕೆ ಇದೇ ಕಾರಣ. ಅಂಥ ಮನೆ 240ಕ್ಕೆ ಏರಿತ್ತು ಎನ್ನಿ. ಮೂರು ಹೊಸ ಫ್ಯಾನ್ ಹಾಕಿದರೆ 180ಕ್ಕೆ ಇಳಿದು ಬಿಲ್ಲು ಪೂರ್ತಿ ಮಾಯ. ಎರಡು ಕಿಲೋವ್ಯಾಟ್ ಸಂಪರ್ಕವಾದರೆ ಫ್ಯಾನಿನ ಒಂಬತ್ತು ಸಾವಿರ ಐದು ತಿಂಗಳಲ್ಲಿ ಕೈಗೆ ಬಂತು. ಹಾಗಾಗಿ ಬಿಟ್ಟಿ ಕರೆಂಟ್ ಎಲ್ಲರನ್ನೂ ಮೈಮರೆಸಿದೆ ಎನ್ನುವಂತಿಲ್ಲ. ಗಡಿಯ ಹತ್ತಿರ ಇರುವವರನ್ನು ಅದು ಜಿಪುಣರನ್ನಾಗಿಯೂ ಮಾಡಿದೆ, ಗಡಿಯಿಂದ ದೂರ ಇರುವವರನ್ನು ನಿಶ್ಚಿಂತರನ್ನಾಗಿಯೂ ಮಾಡಿದೆ.

ಬೀದರ್ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಕಲಬುರಗಿಯ ಬೆಂಕಿ ಇಲ್ಲಿಲ್ಲ, ಚಳಿಗಾಲ ನಿಜವಾದ ಚಳಿಗಾಲ. ಆದರೂ ಏಪ್ರಿಲ್, ಮೇನಲ್ಲಿ ಕೂಲರ್ ಇಲ್ಲದೆ ಆಗದು. ಒಂದು ಕೂಲರ್ ದಿನಕ್ಕೆ ಎರಡು ಯೂನಿಟ್ ಎಂದರೂ ತಿಂಗಳಿಗೆ 60. ಪಾಲು ಮಾತ್ರ ಹನ್ನೆರಡು ತಿಂಗಳ ಸರಾಸರಿಯದು. 99 ಯೂನಿಟ್ ಪಾಲಿನ ಮನೆ ಮೇನಲ್ಲಿ 150 ಬಳಸಿ 51 ಯೂನಿಟ್‌ಗೆ ಹಣ ಕಟ್ಟುತ್ತದೆ. ಡಿಸೆಂಬರಿನಲ್ಲಿ 60 ಬಳಸಿ 39 ಯೂನಿಟ್ ಬಿಟ್ಟುಕೊಡುತ್ತದೆ. ಉಳಿದದ್ದು ಮುಂದಕ್ಕೆ ಬರುವುದಿಲ್ಲ.

ಈಗ ಔರಾದಿಗೆ ಬರೋಣ. ನನ್ನ ತಕರಾರು ಇರುವುದು ಅಲ್ಲಿಯೇ.

ರಾಜ್ಯದ ತೀರಾ ಉತ್ತರದ ತಾಲ್ಲೂಕು ನಮ್ಮದು, ಶರಾವತಿಯ ಕರೆಂಟ್ ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ ಎಂಬ ಮಾತನ್ನು ಕೇಳಿರಬಹುದು. ಕೇಳಲು ಚೆನ್ನ, ನಿಜವಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ದೊಡ್ಡ ಲೈನ್ ಚಾಲೂ ಆದಾಗಲೇ ದಕ್ಷಿಣದ ಜಾಲ ದೇಶದ ಜಾಲದೊಳಗೆ ಕೂಡಿಕೊಂಡಿತು. ದೂರದ ಅಣೆಕಟ್ಟಿಗೂ ನಿಮ್ಮ ಮನೆಯ ಮಿಣಮಿಣ ಬಲ್ಬಿಗೂ ಸಂಬಂಧವಿಲ್ಲ. ಕೆಡುವುದು ಕೊನೆಯ ಹಾದಿಯಲ್ಲಿ: ಸಬ್‌ಸ್ಟೇಷನ್ನಿನಿಂದ ಹೊರಟ 11 ಕೆವಿ ತಂತಿ ಊರಿಂದೂರಿಗೆ ಉದ್ದಕ್ಕೆ ಎಳೆದುಕೊಂಡು ಹೋಗಿರುತ್ತದೆ, ತುದಿಯಲ್ಲೊಂದು ಸಣ್ಣ ಟಿಸಿ, ಅದರ ಮೇಲೆ ತಾಳುವುದಕ್ಕಿಂತ ಹೆಚ್ಚು ಭಾರ. ಹಿಂಗಾರಿಗೆ ಕಡಲೆ, ಜೋಳಕ್ಕೆ ನೀರು ಬಿಡುವ ದಿನಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದರೆ 230 ಇರಬೇಕಾದ ವೋಲ್ಟೇಜು ಜಾರುತ್ತದೆ. ವೋಲ್ಟೇಜು ತಗ್ಗಿದಾಗ ಮೋಟರ್ ಹೆಚ್ಚು ಕರೆಂಟ್ ಎಳೆದುಕೊಂಡು ಕಾಯುತ್ತದೆ, ವೈಂಡಿಂಗ್ ಸುಡುತ್ತದೆ. ಪಂಪ್‌ಸೆಟ್ಟಿನದ್ದಾಗಲಿ, ಫ್ರಿಜ್ಜಿನದ್ದಾಗಲಿ. ಆ ರಿಪೇರಿ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಸ್ಟೆಬಿಲೈಸರ್, ಇನ್ವರ್ಟರ್, ಅದರ ಬ್ಯಾಟರಿ, ನಾಲ್ಕೈದು ವರ್ಷಕ್ಕೊಮ್ಮೆ ಆ ಬ್ಯಾಟರಿಯ ಬದಲಾವಣೆ ಇವೂ ಮನೆಯ ಕರೆಂಟ್ ಖರ್ಚೇ. ಬ್ಯಾಟರಿಯೊಳಗೆ ಹೋದದ್ದೆಲ್ಲ ಹೊರಬರುವುದೂ ಇಲ್ಲ, ಒಂದಷ್ಟು ಯೂನಿಟ್ ಅಲ್ಲೇ ಕರಗುತ್ತದೆ.

ಊರಿನ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆ ಬೇರೆ ಫೀಡರ್ ಕೊಡುವ ನಿರಂತರ ಜ್ಯೋತಿ ಯೋಜನೆಯಿಂದ ಹಳ್ಳಿಗಳಿಗೆ ಎಷ್ಟೋ ಉಪಕಾರವಾಯಿತು. ಆದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರು ಪಂಪ್‌ಸೆಟ್ ಫೀಡರಿನಲ್ಲೇ ಉಳಿದರು. 2023ರ ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟು ರಾಜ್ಯವೇ ಕರೆಂಟಿಗೆ ಪರದಾಡಿದಾಗ ಪಂಪ್‌ಸೆಟ್ಟಿನ ಏಳು ಗಂಟೆ ಐದಕ್ಕೆ ಇಳಿಯಿತು. ಸೊನ್ನೆ ಬಿಲ್ಲು ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ.

ಈಗ ಆ ಸರಾಸರಿಯನ್ನು ಮತ್ತೆ ನೋಡಿ. 2022-23ರಲ್ಲಿ ಕರೆಂಟ್ ಸರಿಯಾಗಿ ಬಾರದ ಮನೆಯ ಮೀಟರ್ ಕಡಿಮೆ ತಿರುಗಿತು. ಕೂಲರ್ ಕೊಳ್ಳಲು ಆಗದ ಮನೆಯ ಮೀಟರ್ ಇನ್ನೂ ಕಡಿಮೆ. ಸರ್ಕಾರ ಆ ಕೊರತೆಯನ್ನೇ ಆ ಮನೆಯ ಅಗತ್ಯವೆಂದು ಬರೆದುಕೊಂಡಿತು. ಬೀದರ್ ನಗರದಲ್ಲಿ 180 ಬಳಸುತ್ತಿದ್ದವರಿಗೆ 198 ಉಚಿತ, ಔರಾದಿನ ತಾಂಡಾದಲ್ಲಿ 60 ಬಳಸುತ್ತಿದ್ದವರಿಗೆ 66. ಹೊಸ ಸಂಪರ್ಕದವರಿಗೆ ರಾಜ್ಯದ ಸರಾಸರಿ 53 ಹಿಡಿದು 58. ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ ಕೊಡುವ ಬಡವರ ಯೋಜನೆ ಇದು ಎಂದರೆ ಕಟುವಾಗಿ ಕೇಳಿಸಬಹುದು. ಲೆಕ್ಕ ಇರುವುದೇ ಹಾಗೆ. ಸಮರ್ಥಕರ ಉತ್ತರವನ್ನೂ ಹೇಳಬೇಕು: ಎಲ್ಲರಿಗೂ ಏಕಾಏಕಿ 200 ಎಂದಿದ್ದರೆ ಬಳಕೆ ಉಬ್ಬಿ, ವಿದ್ಯುತ್ ಖರೀದಿಯ ಹೊರೆ ತಾಳಲಾಗುತ್ತಿರಲಿಲ್ಲ. ಸರಾಸರಿ ಎಂಬುದು ಉಬ್ಬರಕ್ಕೆ ಹಾಕಿದ ತಡೆ. ಒಪ್ಪಬಹುದು. ಆದರೆ ಎಲ್ಲ ಮನೆಗೂ ಒಂದೇ ಪಾಲು, 100 ಅನ್ನಿ, ಮೀರಿದ್ದಕ್ಕೆ ಮಾತ್ರ ದರ, 200ರ ಪ್ರಪಾತ ಬೇಡ ಎಂದಿದ್ದರೂ ತಡೆ ಇರುತ್ತಿತ್ತು. ನನ್ನ ಒಲವು ಇದರ ಕಡೆಗೆ. ಹೀಗೆ ಮಾಡಿದರೆ ನಗರದ 198ರವರು ಕಳೆದುಕೊಳ್ಳುತ್ತಾರೆ, ಅವರ ಸಿಟ್ಟು ಬೇಗ ಬೆಂಗಳೂರು ತಲುಪುತ್ತದೆ ಎಂಬುದೂ ಗೊತ್ತು.

ಕೂಡುಕುಟುಂಬದ ಮಾತೂ ಇದೆ. ಬೀದರಿನ ಹಳೆಯ ಓಣಿಗಳಲ್ಲಿ ಅಣ್ಣತಮ್ಮಂದಿರು ಒಂದೇ ಮೀಟರಿನಡಿ ಬಾಳುವ ಮನೆಗಳಿವೆ. ಒಂಬತ್ತು ಜನ 240 ಯೂನಿಟ್ ಬಳಸಿದರೆ ಪೂರ್ತಿ ಬಿಲ್ಲು. ಒಲೆ ಮೊದಲೇ ಬೇರೆಯಾಗಿ ಮೀಟರ್ ಬೇರೆಯಾಗಿದ್ದರೆ ಇಬ್ಬರಿಗೂ 120, ಬಹುಪಾಲು ಉಚಿತ. ಹೊಂದಿಕೊಂಡು ಇದ್ದದ್ದಕ್ಕೆ ದಂಡ!

ಇನ್ನು ಸೌರ ಚಾವಣಿ. ಕೇಂದ್ರದ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂದಾಗ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದವರು ಬೀದರಿನ ಆಗಿನ ಸಂಸದ, ಔರಾದಿನವರೇ ಆದ ಭಗವಂತ ಖೂಬಾ. ಗೃಹಜ್ಯೋತಿ ಕೊಟ್ಟ ರಾಜ್ಯ ಸರ್ಕಾರದಲ್ಲಿ ಜಿಲ್ಲಾ ಉಸ್ತುವಾರಿ ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ. ಎರಡು ಯೋಜನೆಗಳೂ ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳ ಕೈಯಲ್ಲಿದ್ದವು ಎನ್ನಬಹುದು, ಒಂದರ ಕಾಲಿಗೆ ಇನ್ನೊಂದು ತೊಡರುತ್ತಿತ್ತು. ಎರಡು ಕಿಲೋವ್ಯಾಟ್‌ಗೆ 60,000, ಮೂರಕ್ಕೆ 78,000 ರೂಪಾಯಿ ಸಹಾಯಧನ ಇದೆ ನಿಜ. ಆದರೆ ಬಿಲ್ಲು ಸೊನ್ನೆ ಬರುವ ಮನೆಗೆ ಉಳಿದ ಲಕ್ಷ ರೂಪಾಯಿ ಹಾಕಿ ಉಳಿಸುವುದು ಏನು? 200 ದಾಟುವ ಮನೆಗೆ ಮಾತ್ರ ಅದು ಒಳ್ಳೆಯ ಲೆಕ್ಕ, ಆರೇಳು ವರ್ಷದಲ್ಲಿ ಹಾಕಿದ್ದು ಹುಟ್ಟುತ್ತದೆ. ಒಂದು ಎಚ್ಚರಿಕೆ ಮಾತ್ರ: ಬ್ಯಾಟರಿ ಇಲ್ಲದ ಸೌರ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್‌ನ ಜೀವ ಉಳಿಯಲೆಂದು. ತಲೆಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಮನೆಯೊಳಗೆ ಫ್ಯಾನ್ ತಿರುಗುವುದಿಲ್ಲ. ಕರೆಂಟ್ ಹೋಗುವುದೇ ಕಷ್ಟವಾಗಿರುವ ಊರಿಗೆ ಇದನ್ನು ಮೊದಲೇ ಹೇಳದೆ ಮಾರುವುದು ನ್ಯಾಯವಲ್ಲ.

ಹಣ ಕಟ್ಟುವ ಮನೆಗಳು ಮಾಡಬಹುದಾದ ಸುಲಭದ ಕೆಲಸ ಮಂಜೂರಾತಿ ಲೋಡ್ ನೋಡುವುದು. ಮನೆ ಕಟ್ಟುವಾಗ ಮೂರು ಕಿಲೋವ್ಯಾಟ್ ಬರೆಸಿ ಈಗ ಒಂದರಲ್ಲೇ ಸಾಗುತ್ತಿದ್ದರೆ ಇಳಿಸಲು ಅರ್ಜಿ ಕೊಡಬಹುದು, 2025-26ರ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿತು. ಸೊನ್ನೆ ಬಿಲ್ಲಿನವರು ಬಿಲ್ಲಿನ ಚೀಟಿಯನ್ನು ಓದುವುದನ್ನೇ ಬಿಟ್ಟಿದ್ದಾರೆ, ಅದು ನನಗೆ ಹೆಚ್ಚು ಆತಂಕದ ಸಂಗತಿ. ಹಣ ಕೊಡದವನು ಗ್ರಾಹಕನೇ ಅಲ್ಲ ಎಂಬ ಭಾವನೆ ಎರಡೂ ಕಡೆ ಬೇರೂರುತ್ತಿದೆ. ಬಿಟ್ಟಿ ಕರೆಂಟ್ ತಗೊಂಡು ಮ್ಯಾಲೆ ಜಗಳ ಬೇರೆ ಅಂತಾರಲ್ಲ ಎಂದು ಹಿಂಜರಿಯುವವರಿದ್ದಾರೆ. ಹಿಂಜರಿಯಬೇಕಿಲ್ಲ: ನಿಮ್ಮ ಪಾಲಿನ ಹಣವನ್ನು ಸರ್ಕಾರ ಜೆಸ್ಕಾಂಗೆ ತುಂಬುತ್ತದೆ, ಯೂನಿಟ್ ಯಾರಿಗೂ ಧರ್ಮಕ್ಕೆ ಹೋಗುತ್ತಿಲ್ಲ. ಟಿಸಿ ಸುಟ್ಟರೆ ನಗರ, ಪಟ್ಟಣದಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕೆಂದು ವಿದ್ಯುತ್ ನಿಯಂತ್ರಣ ಆಯೋಗವೇ ಗಡುವು ಇಟ್ಟಿದೆ. ದೂರಿಗೆ 1912 ಇದೆ. ದರ ಬೀದರಿಗೂ ಔರಾದಿನ ಹಳ್ಳಿಗೂ ಒಂದೇ ಆಗಿರುವಾಗ ಗಡುವು ಮಾತ್ರ ಮೂರು ಪಟ್ಟು ಯಾಕೆ ಎಂದು ಕೇಳುವ ಜಾಗವೂ ಇದೆ. ಜೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಆಯೋಗ ಕಲಬುರಗಿಯಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. 2017ರಿಂದ ಬೀದರಿನಿಂದ ಅಲ್ಲಿಗೆ ನೇರ ರೈಲು ಮಾರ್ಗವೂ ಇದೆ. ಹೋಗಲಾಗದವರು ಆಕ್ಷೇಪಣೆಯನ್ನು ಬರೆದು ಅಂಚೆಗೆ ಹಾಕಬಹುದು, ಆರ್‌ಆರ್ ನಂಬರ್ ಸಮೇತ.